ದೀಪದವಳ ನಾಮಾಂಕಿತ

ಕಣ್ಣು ಹೋದ ಮೇಲೆ ಹಂಪಣ್ಣನಿಗೆ ಕನಸುಗಳು ಹೆಚ್ಚಾದವು. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಮೊದಲು ಬಲಗಣ್ಣನ್ನು, ಆಮೇಲೆ ಎಡಗಣ್ಣನ್ನು ಕಸಿದುಕೊಂಡಿತು. ಕನಸಿನ ತಂಟೆಗೆ ಮಾತ್ರ ಹೋಗಲಿಲ್ಲ. ದಿನಾ ಬೆಳಿಗ್ಗೆ ಮಗಳು ನಾಗರತ್ನಾ ಅವನನ್ನು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸುತ್ತಾಳೆ. ಅವಳು ಕೆರೆಯ ಬಣ್ಣ ಹೇಳಬೇಕು, ಅವನು ಕನಸು ಹೇಳಬೇಕು. ಅಪ್ಪ ಮಗಳ ಒಪ್ಪಂದ ಅದು. ಕೆಲಸಕ್ಕೆ ಎಷ್ಟೇ ತಡವಾದರೂ ಅವಳು ಅದನ್ನು ತಪ್ಪಿಸಿದವಳಲ್ಲ.

“ಇವತ್ತ ಹ್ಯಾಂಗ ಅದವ್ವಾ ನೀರು?”

“ಬೂದಿ ಬಣ್ಣ ಯಪ್ಪಾ. ನಡುವ ಒಂದೀಟು ಹಸರು. ಮಂಜ ಬಿದ್ದದ, ಆಚಿ ದಂಡಿ ಕಾಣವಲ್ದು.”

“ಹಂಗಾದ್ರ ಆಚಿ ದಂಡಿ ನಿನಗೂ ಅಷ್ಟ, ನನಗೂ ಅಷ್ಟ” ಎಂದು ಹಂಪಣ್ಣ ನಕ್ಕ. ಆಮೇಲೆ ಕೋಲಿನ ತುದಿಯಿಂದ ನೆಲ ಕೆದಕಿದ. “ಕನಸಿನ್ಯಾಗ ನೀ ಬಂದಿದ್ದಿ. ಸೀರಿ ಗುರ್ತು ಸಿಕ್ತು, ನಡಿಗಿ ಗುರ್ತು ಸಿಕ್ತು. ಮಾರಿ ಮಾತ್ರ ಕಾಣಲಿಲ್ಲ. ನಿಮ್ಮವ್ವನ ಮಾರಿ ಹೋದ ವರ್ಷಾನೇ ಅಳಿಸಿ ಹೋಯ್ತು. ಈಗ ನಿಂದೂ ಹೊಂಟದವ್ವಾ.”

ಅಪ್ಪನ ತಲೆಯೊಳಗೆ ತಾನೊಬ್ಬಳು ಇದ್ದೇನೆ, ಅಲ್ಲಿ ತನಗೆ ಮುಖವಿದೆ ಎಂದು ನಾಗರತ್ನಾ ಇಷ್ಟು ದಿನ ನಂಬಿಕೊಂಡಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ಅವಳ ಮುಖವನ್ನು ಸರಿಯಾಗಿ ನೋಡಿದವರು ಎಷ್ಟು ಮಂದಿ? ಇಂದಿರಾನಗರದ ಆಫೀಸಿನಲ್ಲಿ ಅವಳು ನೆಲ ಒರೆಸುವಾಗ ಎಲ್ಲರೂ ಕಾಲು ಎತ್ತಿ ದಾರಿ ಬಿಡುತ್ತಾರೆ, ಕಣ್ಣು ಎತ್ತುವುದಿಲ್ಲ.

“ಆಟದಾಗ ನೋಡಿದ ಮಾರಿ ಹೋಗಂಗಿಲ್ಲ ನೋಡು” ಎಂದ ಹಂಪಣ್ಣ. “ನಲವತ್ತು ವರ್ಷದ ಹಿಂದ ಬಣ್ಣ ಹಚ್ಕೊಂಡು ನಿಂತವರು ಈಗೂ ಹಂಗೇ ನಿಂತಾರ. ಅದಕ್ಕ ಹೇಳಾದು, ನಿನ್ನ ಆಟಕ್ಕ ಬರ್ತೀನಿ. ರಂಗದ ಮ್ಯಾಲ ನಿನ್ನ ಮಾತು ಒಮ್ಮಿ ಕಿವಿಗೆ ಬೀಳ್ಲಿ, ಮಾರಿ ತಾನ ಬರ್ತದ.”

ಅವಳು ಹೂಂ ಎಂದಳು. ಆ ಹೂಂ ಸುಳ್ಳು. ಹದಿನೈದು ದಿನದ ಹಿಂದೆಯೇ ನಾಟಕದಿಂದ ಅವಳ ಮಾತುಗಳನ್ನು ಕಿತ್ತುಹಾಕಿದ್ದರು.

ಹಂಪಣ್ಣ ಸುರಪುರದ ಕಡೆಯವನು. ಅವನ ಹಳ್ಳಿಯ ಬಯಲಿನಲ್ಲಿ ರಾತ್ರಿಯಿಡೀ ಆಡುವ ದೊಡ್ಡಾಟಕ್ಕೆ ಮೂವತ್ತು ವರ್ಷ ಅವನೇ ಸಾರಥಿ. ದೊಡ್ಡಾಟದಲ್ಲಿ ರಾಜನೇ ಬರಲಿ, ರಾಕ್ಷಸನೇ ಬರಲಿ, ರಂಗಕ್ಕೆ ಕಾಲಿಟ್ಟ ಕೂಡಲೇ ಸಾರಥಿ ಎದುರು ನಿಂತು ಕೇಳುತ್ತಾನೆ: ಬಂದಂಥವರು ಯಾರು, ಯಾವ ಊರು, ನಾಮಾಂಕಿತವೇನು, ಬಂದ ಕಾರಣವೇನು. ಹೆಸರು ಹೇಳದೆ ಯಾವ ಪಾತ್ರವೂ ಮುಂದಿನ ಹೆಜ್ಜೆ ಇಡುವಂತಿಲ್ಲ. ಇಟ್ಟರೆ ಆಟಕ್ಕೆ ಅಪಶಕುನ. ಹೀಗಾಗಿ ನೋಡಲು ಬಂದು ಬಂಡಿಯ ಹಿಂದೆ ಕೂತವನಿಗೂ, ತೂಕಡಿಸಿ ಎದ್ದವನಿಗೂ, ಕಣ್ಣಿಲ್ಲದವನಿಗೂ ಬಂದದ್ದು ಯಾರೆಂದು ತಿಳಿಯುತ್ತಿತ್ತು. ಹೆಣ್ಣುಮಕ್ಕಳನ್ನು ಮಾತ್ರ ಆ ರಂಗಕ್ಕೆ ಹತ್ತಿಸುತ್ತಿರಲಿಲ್ಲ. ನಾಗರತ್ನಾ ಚಿಕ್ಕವಳಿದ್ದಾಗ ಆಡಿನ ಕೊಟ್ಟಿಗೆಯಲ್ಲಿ ತಾನೇ ಸಾರಥಿಯಾಗಿ ಕೇಳಿ, ತಾನೇ ರಾಣಿಯಾಗಿ ಹೇಳಿಕೊಳ್ಳುತ್ತಿದ್ದಳು. ಆಡುಗಳು ಒಳ್ಳೆಯ ಪ್ರೇಕ್ಷಕರು, ನಡುವೆ ಎದ್ದು ಹೋಗುತ್ತಿರಲಿಲ್ಲ.

ಈ ಊರಿಗೆ ಬಂದ ಮೇಲೆ ರಂಗ ತಾನಾಗಿಯೇ ಅವಳೆದುರು ಬಂತು. ಕೆರೆಯ ಆಚೆ ಬದಿಯ ಹಳೆಯ ರಂಗಮಂದಿರದಲ್ಲಿ ವಾರಕ್ಕೆರಡು ದಿನ ಕಸ ಗುಡಿಸುವ ಕೆಲಸ ಸಿಕ್ಕಿತ್ತು. ಅಲ್ಲಿ ವಿಮಲಾಕ್ಷಿ ಎನ್ನುವವರು ಹಳಗನ್ನಡದ ಛಂದಸ್ಸಿನಲ್ಲಿ ನಾಟಕ ಮಾಡಿಸುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಐವತ್ತು ಜನ ನೋಡುತ್ತಿದ್ದಾರೆ, ಅವರಿಗೂ ವಯಸ್ಸಾಯಿತು, ಇನ್ನು ಬಾಗಿಲು ಎಲ್ಲರಿಗೂ ತೆರೆಯಬೇಕು ಎಂದು ಅವರಿಗೆ ಆ ವರ್ಷ ಹೊಳೆಯಿತು. ಕಣ್ಣು ಕಾಣದವರಿಗೆ ಕಿವಿಯಲ್ಲಿ ಕಥೆ ಹೇಳುವ ವ್ಯವಸ್ಥೆ ಮಾಡಿದರು. ಗಾಲಿಕುರ್ಚಿಗೆ ಇಳಿಜಾರು ಹಾಕಿಸಿದರು. ನೀರಿನ ಬಕೆಟ್ ಹಿಡಿದು ರಂಗ ದಾಟುತ್ತಿದ್ದ ನಾಗರತ್ನಾಳ ನಡಿಗೆ ಕಂಡು, “ನಮ್ ನಾಟಕದಲ್ಲಿ ಪಾರ್ಟ್ ಮಾಡ್ತೀರಾ?” ಎಂದು ಕೇಳಿದರು.

ನಾಟಕದ ಕಥೆ ಇಷ್ಟೆ. ಬೇಟೆಗೆ ಹೋದ ಅರಸ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೀಪ ಹಿಡಿದ ಒಬ್ಬಳು ಬಂದು ಅವನನ್ನು ಕಾಡು ದಾಟಿಸುತ್ತಾಳೆ. ಅರಸ ಊರು ಸೇರಿ, ಸಿಂಹಾಸನ ಏರಿ, ಆ ಕಾಡನ್ನು ಹೊಗಳಿ ನಲವತ್ತು ಪದ್ಯ ಹಾಡುತ್ತಾನೆ. ದೀಪದವಳ ಹೆಸರು ಕೇಳುವುದಿಲ್ಲ.

ದೀಪದವಳಿಗೆ ಎರಡೇ ಸಾಲು: ‘ಅರಸಾ, ಇತ್ತ ಬಾ. ಈ ಬೆಳಕಿನ ಹಿಂದೆ ನಡೆ.’ ಮೊದಲ ದಿನ ನಾಗರತ್ನಾ ‘ಹಿಂದ ನಡಿ’ ಎಂದಳು. ಯಾರೋ ಕಿಸಕ್ಕೆಂದರು. ಎರಡನೆಯ ದಿನವೂ ನಾಲಿಗೆ ‘ಹಿಂದ ನಡಿ’ ಎಂದೇ ಹೊರಳಿತು. ಮೂರನೆಯ ದಿನ ವಿಮಲಾಕ್ಷಿ ಅವಳ ಹೆಗಲ ಮೇಲೆ ಕೈಯಿಟ್ಟರು.

“ಬೇಜಾರ್ ಮಾಡ್ಕೋಬೇಡಿ ನಾಗರತ್ನಾ. ನಿಮ್ಮ ನಡಿಗೇಲೇ ಎಲ್ಲಾ ಇದೆ. ಮಾತು ಬೇಡ. ಮೌನವಾಗಿದ್ರೆ ಇನ್ನೂ ಪವರ್‌ಫುಲ್ ಆಗತ್ತೆ.”

ಬಾಯಿ ಮುಚ್ಚಿಸುವುದಕ್ಕೆ ಇಷ್ಟು ಚೆಂದದ ಮಾತು ಇದೆಯೆಂದು ನಾಗರತ್ನಾಳಿಗೆ ಗೊತ್ತಿರಲಿಲ್ಲ. ವಿಮಲಾಕ್ಷಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ಮಾತು ಅಂದು ಬಿಟ್ಟುಬರಬಹುದಿತ್ತು. ಬಾಗಿಲನ್ನೇನೋ ಮನಸ್ಸಿಟ್ಟು ತೆರೆದಿದ್ದರು, ಹೊಸ್ತಿಲು ತಗ್ಗಿಸಲು ಮರೆತಿದ್ದರು. ಅಪ್ಪನಿಗೆ ಇದನ್ನು ಹೇಗೆ ಹೇಳುವುದು? ಅವನು ಒಂದು ತಿಂಗಳಿಂದ ಆ ಎರಡು ಮಾತಿಗೆ ಕಿವಿ ಸಾಣೆ ಹಿಡಿದುಕೊಂಡು ಕೂತಿದ್ದ.

ಇನ್ನು ನೆರವು ಕೇಳಲು ಉಳಿದದ್ದು ಅರೀಬಾ ಒಬ್ಬಳೇ. ಶಿವಾಜಿನಗರದ ಹುಡುಗಿ, ರಸೆಲ್ ಮಾರುಕಟ್ಟೆಯಲ್ಲಿ ಅವಳಪ್ಪನದು ಹಣ್ಣಿನ ಅಂಗಡಿ. ಕಾಲೇಜು ಮುಗಿಸಿ, ಕಣ್ಣು ಕಾಣದವರಿಗೆ ನಾಟಕ ವಿವರಿಸುವ ತರಬೇತಿ ಪಡೆದು ಬಂದಿದ್ದಳು. ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು ರಂಗದ ಮೇಲೆ ಕಂಡದ್ದನ್ನು ಅವಳು ಮೈಕಿನಲ್ಲಿ ಹೇಳಿದರೆ, ಇಯರ್‌ಫೋನ್ ಹಾಕಿಕೊಂಡವರಿಗೆ ಕೇಳುತ್ತದೆ.

“ನಾ ಬಂದಾಗ ಒಮ್ಮಿ ನನ್ನ ಹೆಸರು ಹೇಳ್ತಿ ಏನ ತಂಗಿ? ನಮ್ಮಪ್ಪ ಕೂತಿರ್ತಾನ. ನಾಗರತ್ನಾ ಬಂದಳು ಅಂದ್ರ ಸಾಕು.”

ಅರೀಬಾ ತುಟಿ ಕಚ್ಚಿಕೊಂಡಳು. “ನಂಗೂ ಹೇಳ್ಬೇಕು ಅಂತಾನೇ ಇದೆ ಅಕ್ಕಾ. ಆದ್ರೆ ಟ್ರೇನಿಂಗಲ್ಲಿ ಒಂದೇ ರೂಲ್. ಕಣ್ಣಿಗೆ ಏನ್ ಕಾಣತ್ತೋ ಅಷ್ಟೇ ಹೇಳ್ಬೇಕು. ಪಾತ್ರ ಮಾಡೋರ ಹೆಸರು ಹೇಳಂಗಿಲ್ಲ, ಹೆಸರು ಕಾಣಲ್ವಲ್ಲ ಅಕ್ಕಾ. ಕಸಮ್ ಸೆ, ಆಣೆಗೂ ಮೇಡಂ ಬೈತಾರೆ.” ಆಮೇಲೆ ನಾಗರತ್ನಾಳ ಮುಖ ನೋಡಲಾರದೆ ಹೇಳಿದಳು: “ನಿಮ್ಮನ್ನ ಚೆನ್ನಾಗಿ ನೋಡ್ತೀನಿ. ಕಂಡಿದ್ದೆಲ್ಲಾ ಹೇಳ್ತೀನಿ, ಒಂದೂ ಬಿಡಲ್ಲ.”

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಟ. ಕಣ್ಣು ಕಾಣದವರು ಹನ್ನೊಂದು ಜನ ಬಂದಿದ್ದರು, ಅವರಲ್ಲಿ ಹಂಪಣ್ಣನೂ ಒಬ್ಬ. ನಾಗರತ್ನಾಳ ಗಂಡ ಭೀಮು ಒಗೆದ ಅಂಗಿ ತೊಡಿಸಿ, ಕೈ ಹಿಡಿದು ಕರೆತಂದಿದ್ದ. ಆಟಕ್ಕೆ ಮುಂಚೆ ಅವರೆಲ್ಲ ಉಡುಪುಗಳನ್ನು ಮುಟ್ಟಿ ನೋಡಲಿ ಎಂದು ಒಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ವಿಮಲಾಕ್ಷಿಯೇ ಹಂಪಣ್ಣನ ಕೈ ಹಿಡಿದು ಅರಸನ ಕಿರೀಟದ ಮೇಲಿಡಲು ಹೋದರು. ಅವನು ಬೆಂಕಿ ತಗುಲಿದವನ ಹಾಗೆ ಕೈ ಹಿಂದೆಳೆದ.

“ಪೂಜಿ ಆದ ಕಿರೀಟ ಮತ್ತೊಬ್ಬರು ಮುಟ್ಟಂಗಿಲ್ರಿ ಮೇಡಂ.”

“ಪೂಜೆ ಏನೂ ಮಾಡಿಲ್ಲ, ಮುಟ್ಟಿ ಪರವಾಗಿಲ್ಲ.”

“ಪೂಜಿ ಮಾಡಿಲ್ಲಂದ್ರ ಇದು ಕಿರೀಟ ಅಲ್ರಿ, ರಟ್ಟು” ಎಂದು ಹಂಪಣ್ಣ ಕೈ ಕಟ್ಟಿಕೊಂಡ. ವಿಮಲಾಕ್ಷಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. “ನನ್ನ ಮಗಳ ಉಡುಪು ಯಾವುದ್ರಿ? ಅದು ಮುಟ್ಟತೀನಿ” ಎಂದು ಅವನು ಕೇಳಿದಾಗ ಇನ್ನೂ ಇಕ್ಕಟ್ಟಾಯಿತು. ದೀಪದವಳದು ಒಂದು ಕಪ್ಪು ಸೀರೆ ಅಷ್ಟೇ. ಅದನ್ನು ಮೇಜಿನ ಮೇಲಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಪರದೆಯ ಸಂದಿಯಿಂದ ನಾಗರತ್ನಾ ಇದೆಲ್ಲ ನೋಡಿದಳು. ಅಪ್ಪನ ಕೈ ಮೇಜಿನ ಖಾಲಿ ಅಂಚನ್ನು ಒಂದು ಸಲ ಸವರಿ ಹಿಂದಕ್ಕೆ ಹೋಯಿತು.

ಬಣ್ಣ ಹಚ್ಚುವವನು ಅವಳ ಎಡ ಮುಂಗೈಯ ಹಚ್ಚೆಯನ್ನು ಆಗಲೇ ಮುಚ್ಚಿದ್ದ. ಕಾಡಿನ ದೇವತೆಯ ಹಾಗಿರಬೇಕು, ಹಚ್ಚೆ ಬೇಡ ಎಂದು ಅಪ್ಪಣೆಯಾಗಿತ್ತು. ಏಳು ವರ್ಷದವಳಿದ್ದಾಗ ಹಾಕಿಸಿದ ಹಚ್ಚೆ ಅದು: ಒಂದು ತೊಟ್ಟಿಲು, ಕೆಳಗೆ ಸಾಲಾಗಿ ಚುಕ್ಕೆ. ಐದು ಹಾಕಬೇಕಿತ್ತು, ನಾಲ್ಕೇ ಆದವು. ಹಂಪಣ್ಣ ಅವಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತಿದ್ದ. ನಾಲ್ಕನೆಯ ಚುಕ್ಕೆಗೆ ಅವಳು ಅತ್ತ ಅಳು ಕೇಳಲಾರದೆ ತಾನೇ ಕೈ ಸಡಿಲಿಸಿದ. ಅವಳು ಕಿತ್ತುಕೊಂಡು ಓಡಿದಳು, ಆ ಚುಕ್ಕೆ ಗೆರೆಯಾಗಿ ಎಳೆದುಕೊಂಡು ಹೋಯಿತು.

ತನ್ನ ಸರದಿಗೆ ಇನ್ನೂ ಸಮಯವಿತ್ತು. ಅವಳು ಹಿಂದಿನ ನಲ್ಲಿಗೆ ಹೋಗಿ, ಕೊಬ್ಬರಿ ಎಣ್ಣೆ ಸವರಿ, ಸೆರಗಿನಿಂದ ಮುಂಗೈ ತಿಕ್ಕಿದಳು. ಅದರಿಂದ ಏನಾಗುತ್ತದೆಂದು ಯೋಚಿಸಿ ಮಾಡಿದ್ದಲ್ಲ. ಮಾತನ್ನಂತೂ ಕೊಟ್ಟಾಯಿತು, ಇದನ್ನು ಕೊಡಲಾರೆ ಎಂದಷ್ಟೇ ಅನ್ನಿಸಿತು.

ಮದ್ದಳೆ ನಿಂತಿತು. ಕತ್ತಲಾಯಿತು. ದೀಪ ಹಿಡಿದು ಅವಳು ರಂಗಕ್ಕೆ ಬಂದಳು.

ಬರಿಗಾಲಿನ ಕೆಳಗೆ ಹಲಗೆ ತಣ್ಣಗಿತ್ತು. ಹೊಗೆಯ ಯಂತ್ರ ಬಿಟ್ಟ ಮಂಜು ಮೊಣಕಾಲಿನವರೆಗೆ ತೇಲುತ್ತಿತ್ತು. ಬೆಳಗಿನ ಕೆರೆಯೇ ಒಳಗೆ ಬಂದು ಕೂತಿದೆ, ತಾನು ನೀರಿನ ಮೇಲೆ ನಡೆಯುತ್ತಿದ್ದೇನೆ, ಆಚೆ ದಂಡೆಯಲ್ಲಿ ಅಪ್ಪ ಇದ್ದಾನೆ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಎದುರಿನ ಗಾಜಿನ ಗೂಡಿನಲ್ಲಿ ಸಣ್ಣ ಬೆಳಕು, ಅದರಲ್ಲಿ ಅರೀಬಾಳ ತುಟಿ ಅಲುಗುತ್ತಿತ್ತು. ಅವಳು ಏನು ಹೇಳುತ್ತಿದ್ದಾಳೆಂದು ಇಲ್ಲಿಗೆ ಕೇಳುವಂತಿಲ್ಲ. ಮೂರನೆಯ ಹೆಜ್ಜೆಗೆ ನಾಗರತ್ನಾ ದೀಪವನ್ನು ಎಡಗೈಗೆ ಬದಲಾಯಿಸಿ ಮೇಲೆತ್ತಿದಳು. ಬೆಳಕು ಮುಂಗೈಯ ಹಚ್ಚೆಯ ಮೇಲೆ ಬಿತ್ತು. ಅರೀಬಾ ಗಾಜಿಗೆ ಹತ್ತಿರ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ತುಟಿ ಮತ್ತೆ ಅಲುಗಿತು, ಈ ಸಲ ನಿಧಾನವಾಗಿ.

ಕುರ್ಚಿಗಳ ಎರಡನೆಯ ಸಾಲಿನಲ್ಲಿ ಹಂಪಣ್ಣನ ಕೈ ಕಿವಿಗೆ ಹೋಯಿತು. ಇಯರ್‌ಫೋನ್ ತೆಗೆದು ಮಡಿಲಿಗೆ ಹಾಕಿಕೊಂಡ. ಎದ್ದು ನಿಂತ. ಕೋಲು ಉರುಳಿ ಬಿದ್ದ ಸದ್ದಾಯಿತು.

“ಬಂದಂಥವರು ಧಾರು?”

ಮೈಕಿಲ್ಲದ ಕಾಲದಲ್ಲಿ ಕೊನೆಯ ಬಂಡಿಯವರೆಗೆ ಮುಟ್ಟುತ್ತಿದ್ದ ಗಂಟಲು ಅದು. ಸಭಾಂಗಣದ ಗೋಡೆಗಳು ಒಮ್ಮೆ ಝಲ್ಲೆಂದವು. ಹಳೆಯ ಐವತ್ತು ಜನ ಪ್ರೇಕ್ಷಕರು ಒಟ್ಟಿಗೆ ಅವನತ್ತ ತಿರುಗಿ ನೋಡಿದರು. ಭೀಮು ಮಾವನ ಅಂಗಿ ಜಗ್ಗಿದ. ಹಂಪಣ್ಣನಿಗೆ ಅದು ತಿಳಿಯಲೇ ಇಲ್ಲ. ಅವನು ಸುರಪುರದ ಕಡೆಯ ತನ್ನ ಊರಿನ ಬಯಲಿನಲ್ಲಿದ್ದ. ರಂಗಕ್ಕೆ ಒಂದು ಪಾತ್ರ ಬಂದಿತ್ತು, ಕೇಳುವುದು ಅವನ ಕೆಲಸ.

“ಧಾವ ಊರು? ನಾಮಾಂಕಿತ ಏನು?”

ಪಕ್ಕದ ಪರದೆಯ ಮರೆಯಲ್ಲಿ ವಿಮಲಾಕ್ಷಿ ಕೈ ಬೀಸಿದರು: ನಡೀರಿ, ನಿಲ್ಲಬೇಡಿ. ನಾಗರತ್ನಾ ಆ ಕೈ ನೋಡಿದಳು. ಕಾಲು ಏಳಲಿಲ್ಲ. ಸಾರಥಿ ಕೇಳಿದ ಮೇಲೆ ಹೇಳದೆ ಹೆಜ್ಜೆ ಕೀಳುವ ಪಾತ್ರವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈ ಊರಿಗೆ ಬಂದ ಮೇಲೆ ಗುರುತಿನ ಚೀಟಿ ಕೇಳಿದ್ದರು, ಫೋನ್ ನಂಬರು ಕೇಳಿದ್ದರು, ಎಷ್ಟು ಮನೆ ಕೆಲಸ ಮಾಡುತ್ತೀ ಎಂದು ಕೇಳಿದ್ದರು. ನೀನು ಯಾರು ಎಂದು ಇಷ್ಟು ಗೌರವದಿಂದ, ಇಷ್ಟು ದೊಡ್ಡ ದನಿಯಲ್ಲಿ ಯಾರೂ ಕೇಳಿರಲಿಲ್ಲ.

ಅವಳು ಬಲಗಾಲಿನಿಂದ ಹಲಗೆಯನ್ನು ಒಮ್ಮೆ ತಟ್ಟಿದಳು. ಆಡಿನ ಕೊಟ್ಟಿಗೆಯಲ್ಲಿ ಹಾಗೆಯೇ ತಟ್ಟುತ್ತಿದ್ದಳು.

“ಕೇಳುವಂಥವನಾಗು ಸಾರಥಿ. ಭಾಳ ದೂರದಿಂದ ಬಂದೀನಿ. ಸುರಪುರ ಸೀಮಿ ನಮ್ಮದು, ಹಲಸೂರು ಕೆರಿ ದಂಡಿ ಬಿಡಾರ. ಹಂಪಣ್ಣನ ಮಗಳು ನಾನು, ನಾಗರತ್ನಾ ಅಂತಾರ. ಈ ರಂಗದ ಕಸಾ ಹೊಡೆಯಾಕಿನೂ ನಾನೇ, ಇದರ ಮ್ಯಾಲ ದೀಪ ಹಿಡಿದಾಕಿನೂ ನಾನೇ. ಇಲ್ಲೀತನಕ ಯಾರೂ ಕೇಳಿರಲಿಲ್ಲ, ಅದಕ್ಕ ಹೇಳಿರಲಿಲ್ಲ.”

ಹಂಪಣ್ಣನ ದನಿ ಈ ಸಲ ಅಷ್ಟು ಗಟ್ಟಿ ಇರಲಿಲ್ಲ.

“ಬಂದ ಕಾರಣ ಏನವ್ವಾ?”

“ಈ ಅರಸಗ ದಾರಿ ತಪ್ಪ್ಯದ. ತೋರಿಸಲಕ ಬಂದೀನಿ.” ಅವಳು ದೀಪ ಎತ್ತಿ ತಿರುಗಿದಳು. ಕಿತ್ತುಹಾಕಿದ್ದ ಮಾತುಗಳು ತಾವಾಗಿಯೇ ನಾಲಿಗೆಗೆ ಬಂದವು. “ಅರಸಾ, ಇತ್ತ ಬಾ. ಈ ಬೆಳಕಿನ ಹಿಂದ ನಡಿ.”

ಕಿಸಕ್ಕೆನ್ನುವವರು ಯಾರೂ ಇರಲಿಲ್ಲ. ಅರಸನ ಪಾತ್ರ ಮಾಡಿದವನು ಗುರುಕಿರಣ. ಹಳಗನ್ನಡದ ಪದ್ಯವೊಂದೂ ಅವನ ನೆರವಿಗೆ ಬರಲಿಲ್ಲ. “ನೀವ್ ಮುಂದೆ ನಡೀರಿ ತಾಯಿ, ಬರ್ತೀನಿ” ಎಂದು ಬೆಂಗಳೂರಿನ ಕನ್ನಡದಲ್ಲೇ ಹೇಳಿ, ತಲೆ ತಗ್ಗಿಸಿ ಅವಳ ಹಿಂದೆ ನಡೆದ. ಹಂಪಣ್ಣ ಕೂತುಕೊಂಡ. ಭೀಮು ಕೋಲನ್ನು ಎತ್ತಿ ಅವನ ಕೈಗಿಟ್ಟ.

ಆಟ ಮುಗಿದ ಮೇಲೆ ಮೊದಲು ಓಡಿಬಂದವಳು ಅರೀಬಾ. “ನಾನ್ ಹೆಸ್ರು ಹೇಳ್ಲಿಲ್ಲ ಅಕ್ಕಾ, ರೂಲ್ ಮುರೀಲಿಲ್ಲ. ಕೈ ಮೇಲೆ ತೊಟ್ಟಿಲಿನ ಹಚ್ಚೆ ಇದೆ, ಕೆಳಗೆ ನಾಲ್ಕು ಚುಕ್ಕೆ, ಕೊನೇದು ಓಡಿ ಹೋದಂಗಿದೆ ಅಂದೆ. ಕಂಡಿದ್ದು ಹೇಳ್ದೆ, ಅಷ್ಟೇ.” ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ನಾಗರತ್ನಾ ಎಣ್ಣೆ ಕೈಯಲ್ಲೇ ಅವಳ ಕೆನ್ನೆ ಒರೆಸಿದಳು.

ವಿಮಲಾಕ್ಷಿ ರಂಗದ ಮೆಟ್ಟಿಲ ಮೇಲೆ ಕೂತಿದ್ದರು. ಸಿಟ್ಟಾಗಿದ್ದಾರೆಂದು ನಾಗರತ್ನಾ ದೂರವೇ ನಿಂತಳು.

“ಆ ಎರಡು ಸಾಲು ನಾನ್ ತೆಗೀಬಾರ್ದಿತ್ತು” ಎಂದರು ಅವರು. “ಮೂವತ್ತು ವರ್ಷ ಆಯ್ತು ಈ ಕಥೆ ಕಟ್ಟಿ. ದೀಪದವಳ ಹೆಸರು ಯಾರಾದ್ರೂ ಕೇಳ್ಬೇಕು ಅಂತ ನಂಗೇ ಹೊಳೀಲಿಲ್ಲ ನೋಡಿ.” ಹಂಪಣ್ಣನ ಕಡೆ ತಿರುಗಿದರು. “ಯಜಮಾನ್ರೇ, ಮುಂದಿನ ಭಾನುವಾರನೂ ಬರ್ತೀರಾ? ಅಲ್ಲಿ ಕೆಳಗಲ್ಲ, ರಂಗದ ಮೇಲೆ ಕೂತ್ಕೊಳ್ಳಿ. ಬರೋರನ್ನೆಲ್ಲಾ ಕೇಳಿ.”

ಹಂಪಣ್ಣ ಗಡ್ಡ ಕೆರೆದುಕೊಂಡ. ಮೂವತ್ತು ವರ್ಷದ ಸಾರಥಿ ಕರೆದ ಕೂಡಲೇ ಒಪ್ಪಿದರೆ ಮರ್ಯಾದೆ ಏನಾಗಬೇಕು?

“ಬರ್ತೀನ್ರಿ. ಮೊದಲ ಆ ಕಿರೀಟಕ್ಕ ಪೂಜಿ ಮಾಡಸ್ರಿ.”

ಮನೆಗೆ ಹೋಗುವಾಗ ಆಟೋದಲ್ಲಿ ಅವನು ಮಗಳ ಎಡ ಮುಂಗೈಯನ್ನು ಹಿಡಿದುಕೊಂಡೇ ಕೂತಿದ್ದ. ಹಚ್ಚೆ ಬೆರಳಿಗೆ ಸಿಗುವಂಥದ್ದಲ್ಲ. ಆದರೂ ಚರ್ಮದ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನಿಲ್ಲಿಸಿದ. ಸರಿಯಾದ ಜಾಗದಲ್ಲೇ ನಿಲ್ಲಿಸಿದ. ಮುಖ ಕಂಡಿತೇ ಎಂದು ಕೇಳಲು ನಾಗರತ್ನಾಳಿಗೆ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಮಂಜಿರಲಿಲ್ಲ. ಕೆರೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಕಲ್ಲುಬೆಂಚಿನ ಮೇಲೆ ಕೂತು ಅವಳು ಬಣ್ಣ ಹೇಳಿದಳು: ಅರಿಶಿನ, ನಡುವೆ ಬೆಳ್ಳಿ, ಆಚೆ ದಂಡೆಯ ಮರಗಳ ನೆರಳು. ಹಂಪಣ್ಣ ತಲೆದೂಗಿದ. ಇನ್ನು ಅವನ ಸರದಿ.

“ಬಂದಿದ್ದಿ ಕನಸಿನ್ಯಾಗ” ಎಂದ.

ಅವಳು ಅವನ ಕಡೆ ತಿರುಗಿದಳು. “ಮಾರಿ ಕಂಡ್ತಾ ಯಪ್ಪಾ?”

“ಇಲ್ಲವ್ವಾ, ಕಾಣಲಿಲ್ಲ.” ಅವನು ಕೈ ಚಾಚಿದ. ಅವಳು ಎಡಗೈ ಕೊಟ್ಟಳು. “ಕತ್ತಲಿತ್ತು. ಯಾರೋ ದೀಪ ಹಿಡಿದು ನಿಂತಿದ್ರು. ಮಾರಿ ಕಾಣಲಿಲ್ಲಂತ ಈ ಸಲ ನಾ ಅಂಜಲಿಲ್ಲ. ಧಾರು ಅಂತ ಕೇಳಿದೆ. ನೀ ಹೇಳಿದಿ.”